ಅಂಗೈಯಲ್ಲಿ ಸಿಡಿಯುವ ಬೀಜ

ನಮ್ಮ ಚಿಕ್ಕಮ್ಮನ ಕೆಲಸ ಕಾಲುವೆ ದಂಡೆಯ ಕಳೆ ಕೀಳುವುದು. ಅದರಲ್ಲೂ ಒಂದೇ ಕಳೆ. ಯಾವ ಕಾಲದಲ್ಲೋ ಯಾರೋ ಹೂವಿನ ಚಂದಕ್ಕೆ ಎಲ್ಲಿಂದಲೋ ತಂದು ನೆಟ್ಟದ್ದು, ಈಗ ದಂಡೆಯನ್ನೆಲ್ಲ ನುಂಗಿ ನೀರು ಕುಡಿದಿದೆ. ಆಳೆತ್ತರದ ಗಿಡ, ಗುಲಾಬಿ ಬಣ್ಣದ ಹೂ. ಕಾಯಿ ಬಲಿತ ಮೇಲೆ ಮುಟ್ಟಿದರೆ ಸಾಕು, ಪಟ್ಟೆಂದು ಸಿಡಿದು ಬೀಜ ಮಾರುದೂರ ಹಾರುತ್ತದೆ. ಕಳೆ ಕೀಳುವ ಗ್ಯಾಂಗಿನವರು ಅದನ್ನು ಸಿಡುಕಿ ಅನ್ನುತ್ತಾರೆ. ಬೆನ್ನ ಹಿಂದೆ ಚಿಕ್ಕಮ್ಮನಿಗೂ ಅದೇ ಹೆಸರು, ಅದು ಬೇರೆ ಮಾತು.

ಚಿಕ್ಕಪ್ಪನೂ ಅದೇ ಗ್ಯಾಂಗಿನವನು. ಕಾಯಿ ಕಟ್ಟುವ ಮುಂಚೆ ಗಿಡ ಕೀಳಬೇಕೆಂಬುದು ನಿಯಮ. ಇವರಿಬ್ಬರು ಮಾತ್ರ ಪಂಪ್‌ಹೌಸಿನ ಹಿಂದಿನ ಒಂದು ಪೊದೆಯನ್ನು ಕಂಡೂ ಕಾಣದ ಹಾಗೆ ಬಿಡುತ್ತಿದ್ದರು. ಬೀಜ ತಿನ್ನುವ ಚಪಲ. ಬಾಣಲೆಯಲ್ಲಿ ಹುರಿದು ಚಿಟಿಕೆ ಉಪ್ಪು ಹಾಕಿದರೆ ಬಾದಾಮಿಯ ತಮ್ಮ! ಆದರೆ ಬೀಜ ಹಿಡಿಯುವುದಕ್ಕೆ ಇಬ್ಬರು ಬೇಕು. ಚಿಕ್ಕಪ್ಪ ಕಾಯಿಯ ಸುತ್ತ ಎರಡೂ ಅಂಗೈ ಮುಚ್ಚಿ ಹಿಡಿಯುವನು, ಚಿಕ್ಕಮ್ಮ ಸಂದಿಯಲ್ಲಿ ಬೆರಳು ತೂರಿಸಿ ಮುಟ್ಟುವಳು. ಸಿಡಿದೊಡನೆ ಅವನಿಗೆ ಕಚಗುಳಿ. ಹಿಹಿ ಎಂದು ಕೈ ಸಡಿಲಿಸಿಬಿಡುವನು, ಒಂದಷ್ಟು ಬೀಜ ಕಾಲಬುಡಕ್ಕೆ ಬೀಳುವುದು. "ಮೀಸೆ ಬಂದ ಗಂಡಸು, ಹೀಗಾ ನಗೋದು?" ಎಂದು ಬೈಯುತ್ತ ಅವಳು ಒಂದೊಂದನ್ನೂ ಹೆಕ್ಕುವಳು.

ಎರಡು ವರ್ಷದ ಹಿಂದೆ ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲ. ಆಮೇಲೂ ಅವಳು ಆ ಪೊದೆಯನ್ನು ಉಳಿಸಿಕೊಂಡಳು. ಒಬ್ಬಳೇ ಹೋಗಿ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಮುಟ್ಟುವಳು. ಅರ್ಧ ಬೀಜ ಕೈಗೆ, ಅರ್ಧ ಕಾಲುವೆಗೆ.

ಈ ಸಲ ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು ನಿಂತ. "ಹೋದ ವರ್ಷ ಬೇರುಸಮೇತ ಕಿತ್ತ ಜಾಗ ಇದು. ಪಂಪ್‌ಹೌಸಿಂದ ಕೆಳಗಡೆ ನೀರು ಹರಿಯೋ ಕಡೆಯೆಲ್ಲ ಮತ್ತೆ ಎದ್ದಿದೆಯಲ್ಲ, ಏನು ಮಾಟಾನಾ?"

ಮಾಟವಲ್ಲ, ತನ್ನ ಪೊದೆ ಎಂದು ಚಿಕ್ಕಮ್ಮನಿಗೆ ಗೊತ್ತಾಗಿಹೋಯಿತು. ಊಟ ಸೇರದಾಯಿತು. ಪೊದೆ ಕಿತ್ತರೆ ಗಂಡನ ಜೊತೆ ಇರಲು ಅವಳಿಗಿದ್ದ ಒಂದೇ ಜಾಗ ಹೋಗುತ್ತದೆ. ಬಿಟ್ಟರೆ ಗ್ಯಾಂಗಿನವರ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕಾಯಿ ಬಲಿತ ದಿನ ನನ್ನನ್ನು ಕರೆದಳು. "ಬಾರೇ, ಹಿಡಿಯೋಕೆ ಇನ್ನೊಬ್ಬರು ಬೇಕು. ಒಂದು ಬೀಜಾನೂ ಹಾರಬಾರದು. ಇದೇ ಕೊನೆ, ಆಮೇಲೆ ಬುಡಸಮೇತ ಕಿತ್ತುಬಿಡ್ತೀನಿ."

ನಾನು ಗಡಿಯಾರ ರಿಪೇರಿ ಮಾಡುವವಳು, ನನ್ನ ಕೈ ಅಲುಗುವುದಿಲ್ಲ. ಕಾಯಿಯ ಸುತ್ತ ಅಂಗೈ ಮುಚ್ಚಿದೆ.

"ಇನ್ನೂ ಸಡಿಲ ಕಣೇ. ನಿಮ್ಮ ಚಿಕ್ಕಪ್ಪ ಗುಬ್ಬಿ ಮರಿ ಹಿಡಿದ ಹಾಗೆ ಹಿಡಿಯೋರು" ಎಂದು ಬೆರಳು ತೂರಿಸಿದಳು. ಪಟ್! ಬೀಜ ಅಂಗೈಗೆ ಬಡಿದವು. ನಾನು ಉಸಿರು ಬಿಗಿಹಿಡಿದು ಕೈ ಬಿಚ್ಚದೆ ನಿಂತೆ. ಅವಳು ನನ್ನ ಮುಖವನ್ನೇ ನೋಡಿದಳು. ಪ್ರತಿ ಕಾಯಿ ಸಿಡಿದಾಗಲೂ ಹಾಗೇ ನೋಡಿದಳು.

ಡಬ್ಬಿ ತುಂಬಿತು. ಗಿಡಗಳನ್ನೆಲ್ಲ ಕಿತ್ತು ರಾಶಿ ಹಾಕಿದಳು. ಆಮೇಲೆ ಹಳೆಯ ರೂಢಿಯಂತೆ ಬಗ್ಗಿ, ಮಣ್ಣು ಸವರಿ ಸವರಿ ಹುಡುಕತೊಡಗಿದಳು.

"ಒಂದೂ ಬಿದ್ದಿಲ್ಲ ಚಿಕ್ಕಮ್ಮ, ಸರಿಯಾಗಿ ಹಿಡಿದಿದ್ದೆ" ಎಂದೆ, ಹೆಮ್ಮೆಯಿಂದಲೇ.

"ಹೌದು ಕಣೇ, ಒಂದೂ ಬಿದ್ದಿಲ್ಲ" ಎಂದವಳು ಅಲ್ಲೇ ಮಣ್ಣಲ್ಲಿ ಕೂತು ಅಳತೊಡಗಿದಳು. "ನಿನಗೆ ಕಚಗುಳಿಯೇ ಆಗಲ್ವಾ?"