ಹದಿನೇಳರ ಚೌಕ

ಬೆಳಿಗ್ಗೆ ಚೀಲ ಕೊಡವಿದಾಗ ಮೂಲೆಯಿಂದ ಕೆಂಪು ಸೀಮೆಸುಣ್ಣದ ತುಂಡೊಂದು ಬಿತ್ತು. ಎತ್ತಿಕೊಂಡ ಬೆರಳು ಕೆಂಪಾಯಿತು, ತಟ್ಟನೆ ಮೇಜಿನ ಮೇಲಿಟ್ಟೆ. ಸೀಮೆಸುಣ್ಣಕ್ಕೆ ಹೆದರುವವರನ್ನು ನೀವು ನೋಡಿರಲಾರಿರಿ. ನಾನು ಎರಡು ವರ್ಷದಿಂದ ಹೆದರುತ್ತಿದ್ದೇನೆ.

ನನಗೆ ಎಣಿಸುವ ಚಟ. ಬೊಮ್ಮನಹಳ್ಳಿಯಿಂದ ಮಾರತ್ತಹಳ್ಳಿಗೆ ಎಷ್ಟು ಸಿಗ್ನಲ್ ಎಂದು ಬಸ್ಸಿನಲ್ಲಿ ಕೂತು ಗೀಟು ಎಳೆಯುತ್ತೇನೆ. ಅಮ್ಮ ಬೈದದ್ದಕ್ಕೂ ತಾರೀಖು ಸಮೇತ ದಾಖಲೆಯಿದೆ. ಅದಕ್ಕೇ ಇರಬೇಕು, ಹೊಸ ಕಲಾವಿದರಿಗೆ ನೆರವಾಗುವ ನಮ್ಮ ಪುಟ್ಟ ಬಳಗದವರು ಬಣ್ಣ, ಏಣಿ, ಒಪ್ಪಿಗೆ ಪತ್ರಗಳ ಉಸ್ತುವಾರಿಯನ್ನು ನನಗೇ ವಹಿಸಿದ್ದರು. ಎರಡು ವರ್ಷದ ಹಿಂದಿನ ಆ ಸಲದ ಕಲಾವಿದ ಇರ್ಫಾನ್. ಬೊಮ್ಮನಹಳ್ಳಿಯವನೇ; ತಾಯಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾರೆ. ಅವನು ಆರಿಸಿಕೊಂಡದ್ದು ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರು ಬಾಡಿಗೆಗಿರುವ ಒಂದು ವಠಾರ. ಸಾಲಾಗಿ ಇಪ್ಪತ್ನಾಲ್ಕು ಕೋಣೆ. ಪ್ರತಿ ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಚೌಕ. ಅದರಲ್ಲಿ ಆ ಮನೆಯವರೇ ತಮಗೆ ಬೇಕಾದ್ದನ್ನು ಬಿಡಿಸಬೇಕು, ಅವನು ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಮಾಡಬೇಕು. ಒಂದು ಮನೆಯನ್ನೂ ಬಿಡುವಂತಿಲ್ಲ ಎಂಬುದು ಅವನ ಹಟ.

ಭಾನುವಾರ ಎಲ್ಲರೂ ಸಹಿ ಹಾಕಿದರು. ಏನು ಬಿಡಿಸುತ್ತೀರೆಂದು ಕೇಳಿದಾಗ ಹದಿನೇಳನೆಯ ಕೋಣೆಯ ಶಾಂತಮ್ಮ ನಾಚಿಕೊಂಡು, "ನಮ್ಮವ್ವ ಹಳೇ ಸೀರಿ ಕೂಡಿಸಿ ಹೊಲಿದ ಕೌದಿ ಬರೀತೀನ್ರಿ" ಎಂದಳು. "ಒಪ್ಪಿಗೆ 24/24" ಎಂದು ದಿನಚರಿಯಲ್ಲಿ ಬರೆದು ಕೆಳಗೆ ಎರಡು ಗೀಟು ಹಾಕಿದೆ.

ಮಂಗಳವಾರ ಬೆಳಿಗ್ಗೆ, ಎಲ್ಲರೂ ಕೆಲಸಕ್ಕೆ ಹೋದ ಮೇಲೆ, ಚೌಕ ಎಳೆದೆವು.

"ನಂಬರ್ ಹಾಕ್ಬಿಡೋಣ ಕಣೋ, ಆಮೇಲೆ ಗೊಂದಲ ಆಗಲ್ಲ" ಎಂದವಳು ನಾನೇ.

"ಬೇಕಾ ಅಕ್ಕಾ? ಗೋಡೌನ್ ಥರ ಕಾಣ್ತದೆ" ಎಂದು ಇರ್ಫಾನ್ ನಕ್ಕ.

ಸುಣ್ಣದ ಗೋಡೆಯ ಮೇಲೆ ಎದ್ದು ಕಾಣಲೆಂದು ಕೆಂಪು ಸೀಮೆಸುಣ್ಣ ಆರಿಸಿದೆ. ಒಂದರಿಂದ ಇಪ್ಪತ್ನಾಲ್ಕು, ಮುದ್ದಾದ ಅಂಕಿಗಳು.

ಸಂಜೆ ಬಣ್ಣದ ಡಬ್ಬ ಹಿಡಿದು ಹೋದರೆ ವಠಾರದಲ್ಲಿ ಒಲೆ ಹೊತ್ತಿರಲಿಲ್ಲ. ಬಾಗಿಲುಗಳ ಮುಂದೆ ಗಂಟುಮೂಟೆ. ಗಂಡಸರು ನಮ್ಮನ್ನು ಸುತ್ತುಗಟ್ಟಿದರು. ಮೊದಲ ಕೋಣೆಯ ನಾಗವ್ವ, ಎಲ್ಲರಿಗಿಂತ ಹಿರಿಯಳು, ಇರ್ಫಾನನ ಕೈಯಿಂದ ಡಬ್ಬ ಕಿತ್ತು ಕೆಳಗಿಟ್ಟಳು.

"ಯಾವಾಗ ಕೆಡವ್ತೀರಿ, ಅದನ್ನರ ಹೇಳ್ರಿ."

"ಕೆಡವೋದಾ? ಏನನ್ನ?" ಎಂದೆ.

"ನಾಟಕ ಸಾಕ್ರಿ ಮೇಡಂ. ನಾವು ವರ್ತೂರಾಗ ಇದ್ದಾಗೂ ಹಿಂಗ ಮೊದ್ಲ ಸಹೀ ತಗೊಂಡ್ರು. ಆಮ್ಯಾಲ ಬಾಗಲ ಬಾಗಲಕ್ಕ ಕೆಂಪು ನಂಬರ್ ಬರದ್ರು. ಮೂರನೇ ದಿನ ಜೆಸಿಬಿ ಬಂತು. ಒಲಿ ಮ್ಯಾಲಿನ ಗಡಿಗಿನೂ ತಗೊಳ್ಳಾಕ ಬಿಡಲಿಲ್ಲ."

ಸಹಿಯ ಹಾಳೆ ತೋರಿಸಿ ವಿವರಿಸೋಣವೆಂದು ದಿನಚರಿ ತೆರೆದೆ. ಅದಕ್ಕಿಂತ ದೊಡ್ಡ ತಪ್ಪಿಲ್ಲ. "ನೋಡ್ರಲೇ, ಲೆಕ್ಕದ ಪುಸ್ತಕಾನೂ ತಂದಾಳ!" ಎಂದು ಹಿಂದಿನಿಂದ ಒಬ್ಬ ಕೂಗಿದ.

ಇರ್ಫಾನ್ ವಾದ ಮಾಡಲಿಲ್ಲ. ಅಂಗಿಯ ತೋಳಿನಿಂದ ಒಂದನೆಯ ಅಂಕಿಯನ್ನು ಒರೆಸಿದ. ಆಮೇಲೆ ಎರಡನೆಯದು. "ಅವ್ವಾ, ತಪ್ಪಾಯ್ತು. ನಂಬರ್ ಬೇಡ, ನಿಮ್ಮ ಹೆಸರು ನೀವೇ ಬರೀರಿ." ಏಳನೆಯದಕ್ಕೆ ನಾನೂ ದುಪಟ್ಟಾ ಹಚ್ಚಿದೆ. ಕೊನೆಗೆ ನಾಗವ್ವ, "ಗ್ವಾಡಿ ಒರಸಾಕೂ ಬರಲ್ಲ ಇವಕ್ಕ" ಎಂದು ಒದ್ದೆ ಬಟ್ಟೆ ತಂದಳು. ಯಾರೋ ನಕ್ಕರು. ಗಂಟುಗಳು ಒಂದೊಂದಾಗಿ ಒಳಗೆ ಹೋದವು.

ಶಾಂತಮ್ಮನ ಹದಿನೇಳರ ಬಾಗಿಲು ಮಾತ್ರ ಹಾರುಹೊಡೆದಿತ್ತು. ಒಳಗೆ ಏನೂ ಇರಲಿಲ್ಲ.

"ಕೂಸಿಗೆ ಜ್ವರ ಅಂತ ಮಧ್ಯಾಹ್ನ ಬಂದಿದ್ಲು. ನಂಬರ್ ನೋಡಿದ್ಲು, ಟೆಂಪೋ ಕರದ್ಲು," ಎಂದಳು ನಾಗವ್ವ. "ಆಕೀನೂ ವರ್ತೂರಾಗ ಇದ್ದಾಕಿನ ರೀ. ಮತ್ತ ಮೂರು ದಿನ ಹೆಂಗ ಕಾಯ್ತಾಳ?"

ಅವಳಿಗೆ ನಾನು ಮಾಡಿದ ಫೋನ್ ಕರೆಗಳ ಲೆಕ್ಕವೂ ನನ್ನಲ್ಲಿದೆ. ನಲವತ್ತೊಂದನೆಯದನ್ನು ಬೇರೆ ಯಾರೋ ಎತ್ತಿದರು; ಆ ನಂಬರ್ ಆಗಲೇ ಅವರದಾಗಿತ್ತು. ಚಿತ್ರವೇನೋ ಮುಗಿಯಿತು, ನೋಡಿದವರು ಮೆಚ್ಚಿದರು. ಹದಿನೇಳರ ಚೌಕ ಇಂದಿಗೂ ಬರೀ ಸುಣ್ಣ. ಹೊಸದಾಗಿ ಬಂದ ಬಾಡಿಗೆಯವರು ಬಣ್ಣ ಹಚ್ಚಲು ಹೋದರೆ ನಾಗವ್ವ ಬಿಡುವುದಿಲ್ಲವಂತೆ: "ಅದು ಕೌದಿ ಜಾಗ. ಮುಟ್ಟಬ್ಯಾಡ್ರಿ."

ಇವತ್ತು ವರ್ತೂರಿನ ಒಂದು ಗಲ್ಲಿಗೆ, ಇನ್ನೊಬ್ಬ ಕಲಾವಿದೆಯ ಜೊತೆ ಹೊರಡಬೇಕು. ಸಂಜೆಗೆ, ಎಲ್ಲರೂ ಮನೆಗೆ ಬಂದ ಮೇಲೆ. ಸೀಮೆಸುಣ್ಣವನ್ನು ಮೇಜಿನ ಮೇಲೇ ಬಿಟ್ಟೆ. ಆಮೇಲೆ ಹಳೆಯ ದಿನಚರಿ ತೆಗೆದು, ಎರಡು ಗೀಟಿನ ಮೇಲಿದ್ದ 24/24 ಅನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: "ನಂಬರ್ ಹಾಕುವ ಮೊದಲು ಶಾಂತಮ್ಮನನ್ನು ಕೇಳಲಿಲ್ಲ."