ಮೊದಲೇ ಕೇಳಿದ ಪ್ರಶ್ನೆ

ನಮ್ಮ ಭಾವನವರದು ಹೆಸರಿಗೆ ಕನ್ನಡಕದ ಅಂಗಡಿ. ನಿಜವಾದ ಕಸುಬು ದೂರು ಕೊಡುವುದು. ಜನ ಪ್ರಶ್ನೆ ಕೇಳಿ ಉತ್ತರ ಪಡೆಯುವ ವೆಬ್‌ಸೈಟೊಂದಿದೆ. ಗಿರಾಕಿ ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದರೆ ಇವರು ಮೊಬೈಲಿನಲ್ಲಿ ಆ ವೆಬ್‌ಸೈಟಿನ ತಪ್ಪು ಹುಡುಕುತ್ತಿರುತ್ತಾರೆ. ಬೈಗುಳ ಕಂಡರೆ ಒಂದು ರಿಪೋರ್ಟ್, ಜಾಹೀರಾತು ಕಂಡರೆ ಇನ್ನೊಂದು, ಕೇಳಿದ್ದನ್ನೇ ಮತ್ತೆ ಕೇಳಿದರಂತೂ ಮೈಯೆಲ್ಲ ಉರಿ. "ಮೊದಲೇ ಕೇಳಿದ್ದಾಗಿದೆ, ತೆಗೀರಿ" ಎಂದು ಒತ್ತಿ, ಅದು ಮಾಯವಾದ ಮೇಲೇ ಟೀ ಮುಟ್ಟುವುದು. ತೆಗೆದದ್ದು ತಪ್ಪೆಂದು ಯಾರಾದರೂ ಮೇಲ್ಮನವಿ ಹಾಕಿದರೆ, "ಜಟ್ಟಿ ನೆಲಕ್ಕೆ ಬಿದ್ರೂ ಮೀಸೆ ಮಣ್ಣಾಗಲಿಲ್ವಂತೆ" ಎಂದು ನಗುತ್ತಾರೆ. ಮನೆಯಲ್ಲೂ ಇದೇ ಗೋಳು. "ಊಟಕ್ಕೆ ಏನ್ರೀ ಮಾಡ್ಲಿ?" ಎಂದು ಅಕ್ಕ ಕೇಳಿದರೆ, "ನಿನ್ನೆನೇ ಕೇಳಿದ್ಯಲ್ಲ, ಆಗ್ಲೇ ಹೇಳಿದೀನಿ" ಎನ್ನುತ್ತಾರೆ. "ನಿನ್ನೆ ಉತ್ತರ ನಿನ್ನೆಗಾಯ್ತು, ಇವತ್ತಿಂದು ಹೇಳಿ" ಎಂದು ಅವಳು ಸೌಟು ಕುಟ್ಟುತ್ತಾಳೆ. ಇಂಥವರು ಒಂದೇ ಒಂದು ಪ್ರಶ್ನೆಯನ್ನು ಮಾತ್ರ ಮುಟ್ಟದೆ ಬಿಟ್ಟಿದ್ದರು. ಯಾರೋ ತಾಯಿ ವಾರವಾರವೂ ಅದನ್ನೇ ಕೇಳುತ್ತಿದ್ದಳು: "ನನ್ನ ಮಗ ಇನ್ನೂ ಒಂದು ಮಾತೂ ಆಡಿಲ್ಲ. ನಿಮ್ಮ ಮಕ್ಕಳು ಯಾವಾಗ ಆಡಿದ್ರು?" ಮೊನ್ನೆ ಇನ್ಯಾರೋ ದೂರು ಕೊಟ್ಟು ಅದನ್ನು ತೆಗೆಸಿಬಿಟ್ಟರು. ಭಾವ ಗಿರಾಕಿಯ ಮೂಗಿನ ಮೇಲೆ ಗಾಜಿಲ್ಲದ ಫ್ರೇಮನ್ನು ಹಾಗೇ ಬಿಟ್ಟು, ಜನ್ಮದಲ್ಲಿ ಮೊದಲ ಸಲ ಮೇಲ್ಮನವಿ ಬರೆಯಲು ಕೂತರು. ನಾನು ಹಿಂದೆ ನಿಂತು ಇಣುಕಿದೆ. "ಮೊದಲೂ ಕೇಳಿದ್ದಾರೆ, ಒಪ್ಪಿದೆ. ಆದರೆ ನಿನ್ನೆ ಉತ್ತರ ನಿನ್ನೆಗಾಯ್ತು ಸ್ವಾಮಿ, ಆ ತಾಯಿ ಇವತ್ತಿಂದು ಕೇಳ್ತಿದ್ದಾರೆ."