ಮನೆ ಬಸ್ಸು ರಿಪೇರಿ ಮಾಡಿದ ಪಂಪಣ್ಣ

ಪಂಪಣ್ಣನ ಹಣೆಯ ಮೇಲಿದ್ದುದಕ್ಕಿಂತ ಹೆಚ್ಚು ವಿಭೂತಿ ಹೊಸಪೇಟೆಯ ನಲ್ಲಿಗಳ ಮೇಲಿರುತ್ತಿತ್ತು. ನೀರು ಸೋರುತ್ತದೆಂದು ಯಾರೇ ಕರೆಯಲಿ, ಬಂದವನೇ ಮೊದಲು ಪೈಪನ್ನು ಒಣಬಟ್ಟೆಯಿಂದ ಒರೆಸುತ್ತಿದ್ದ. ಆಮೇಲೆ ಅಂಗಿಯ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಪ್ರತಿ ಜಾಯಿಂಟಿಗೂ ತಿಕ್ಕಿ, ಬೆರಳಿಗೆ ಉಳಿದ ಪುಡಿಯನ್ನು ತನ್ನ ಹಣೆಗೆ ಎಳೆದುಕೊಳ್ಳುತ್ತಿದ್ದ. ಆ ಬಿಳುಪು ಎಲ್ಲಿ ಮೊದಲು ಒದ್ದೆಯಾಗಿ ಕಪ್ಪಾಗುತ್ತದೋ ಅಲ್ಲೇ ಸೋರಿಕೆ. ಪೈಪು ಬಿಚ್ಚುವ ಪಾನಾ ಮುಟ್ಟುವ ಮೊದಲು ಎರಡು ಕಪ್ ಚಹಾ ಕುಡಿಯುವಷ್ಟು ಹೊತ್ತು ಸುಮ್ಮನೆ ನೋಡುತ್ತ ಕೂರುವುದು ಅವನ ಪದ್ಧತಿ.

"ಏನ್ ಪಂಪಣ್ಣ, ಕೆಲಸಕ್ಕ ಬಂದೀರೋ, ಬೀಗರ ಮನಿಗೆ ಬಂದೀರೋ?" ಎಂದು ನಾನು ಕೆಣಕಿದರೆ, "ಅಕ್ಕಾರ, ಗಡಿಬಿಡಿ ಮಾಡಿದ್ರ ನೀರು ಜಾಗ ಬದಲಿ ಮಾಡ್ತೈತ್ರಿ" ಎನ್ನುತ್ತಿದ್ದ. ಮೂರನೇ ಚಹಾವನ್ನೂ ಬೇಡ ಎನ್ನುತ್ತಿರಲಿಲ್ಲ, ಅದು ಬೇರೆ ಮಾತು.

ಅವು ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳು. ನಮ್ಮ ಮನೆಯವರ ಲಾರಿಗಳೂ ಸಂಡೂರಿನಿಂದ ಹೊಸಪೇಟೆಗೆ ಅದಿರು ಹೊರುತ್ತಿದ್ದವು. ಕೈಯಲ್ಲಿ ದುಡ್ಡಾಡಿದಾಗ ಕೆಲವರಿಗೆ ಬುದ್ಧಿ ರಜೆ ಹಾಕಿ ಹೋಗುತ್ತದೆ. ನಮ್ಮವರು ನನ್ನನ್ನು ಒಂದು ಮಾತೂ ಕೇಳದೆ ಮುಂಬೈಯಿಂದ ಹಳೆಯದೊಂದು ಮನೆ ಬಸ್ಸು ತಂದು ಲಾರಿಗಳ ಪಕ್ಕ ನಿಲ್ಲಿಸಿದರು. ಅದರೊಳಗೆ ಮಂಚ, ಗ್ಯಾಸಿನ ಒಲೆ, ಕಾಲಿನಿಂದ ಪೆಡಲ್ ಒತ್ತಿದರೆ ನೀರು ಬರುವ ಸಂಡಾಸು, ಎಲ್ಲಾ ಇತ್ತು. ಹೋಗುವ ಊರೊಂದೇ ಇರಲಿಲ್ಲ. ಮೂರು ತಿಂಗಳು ಅದು ಕೆಂಪು ಧೂಳು ಹೊದ್ದುಕೊಂಡು ನಿಂತಲ್ಲೇ ನಿಂತಿತ್ತು.

ಅದನ್ನು ಕಂಡು ಆಸೆಪಟ್ಟವರು ನಮ್ಮ ಅತ್ತೆ. ಅವರ ತಂಗಿ ಗೌರವ್ವ ಸೊಲ್ಲಾಪುರದಲ್ಲಿ ಹಾಸಿಗೆ ಹಿಡಿದಿದ್ದರು. ಅಕ್ಕತಂಗಿಯರು ಮುಖ ನೋಡಿ ಆರು ವರ್ಷವಾಗಿತ್ತು. ಅತ್ತೆ ಮಂಡಿನೋವಿನ ನೆಪ ಹೇಳುತ್ತಿದ್ದರು. ನಿಜವಾದ ಕಾರಣ ಅವರ ಸೀರೆ ಒಗೆಯುತ್ತಿದ್ದ ನನಗೊಬ್ಬಳಿಗೇ ಗೊತ್ತಿತ್ತು: ಕಾರಿನಲ್ಲಿ ಅರ್ಧ ಗಂಟೆ ಕೂತರೆ ಅವರಿಗೆ ಮೂತ್ರ ತಡೆಯಲಾಗುತ್ತಿರಲಿಲ್ಲ. ಬಸ್ಸಿನೊಳಗಿನ ಸಂಡಾಸನ್ನು ಎರಡೆರಡು ಸಲ ಇಣುಕಿ ನೋಡಿ, "ಇದ್ರಾಗ ಸೊಲ್ಲಾಪುರ ಮುಟ್ತೀವೇನು?" ಎಂದು ಮೆಲ್ಲಗೆ ಕೇಳಿದರು.

ಟಾಕಿಗೆ ನೀರು ತುಂಬಿಸಿ ಪಂಪು ಹಾಕಿದ ದಿನವೇ ಕಮೋಡಿನ ಹಿಂದಿನಿಂದ ನೀರು ಹರಿದು ನೆಲವೆಲ್ಲ ಒದ್ದೆಯಾಯಿತು. ಡ್ರೈವರು ನೆಲದ ಬೋಲ್ಟುಗಳನ್ನು ಬಿಗಿ ಮಾಡಿದ, ಆಮೇಲೆ ಮೆಕ್ಯಾನಿಕ್ಕೊಬ್ಬ ಬಂದು ಇನ್ನಷ್ಟು ಬಿಗಿ ಮಾಡಿ ಸುತ್ತಲೂ ಪೇಸ್ಟು ಮೆತ್ತಿದ. ನೀರು ಕ್ಯಾರೇ ಅನ್ನಲಿಲ್ಲ. ಅಷ್ಟರಲ್ಲಿ ಸೊಲ್ಲಾಪುರದಿಂದ ಫೋನು. ಗೌರವ್ವ ಊಟ ಬಿಟ್ಟಿದ್ದಾರೆ, ಅಕ್ಕ ಯಾವಾಗ ಬರ್ತಾಳೆ ಎಂದೇ ಕೇಳುತ್ತಿದ್ದಾರೆ.

"ನಾ ಬರಂಗಿಲ್ಲ ಬಿಡವ್ವ," ಅತ್ತೆ ನನ್ನ ಹತ್ತಿರ ಮಾತ್ರ ಹೇಳಿದರು. "ನೆಲ ಒದ್ದಿ ಆದ್ರ ಎಲ್ಲಾರೂ ಮುದುಕೀದ ಅಂತಾರ."

ಆಗ ಪಂಪಣ್ಣನಿಗೆ ಹೇಳಿ ಕಳಿಸಿದೆ. ಬಂದ, ಒರೆಸಿದ, ರೂಢಿಯಂತೆ ಜೇಬಿಗೆ ಕೈಹಾಕಿದ. ಬಾಗಿಲಲ್ಲಿ ನಿಂತಿದ್ದ ಅತ್ತೆ ಕಿರುಚಿಕೊಂಡರು.

"ಏ ಪಂಪ್ಯಾ! ಸಂಡಾಸಕ್ಕ ಇಭೂತಿ ಹಚ್ತೀಯೇನಲೇ? ಶಿವ ಮೆಚ್ತಾನೇನು?"

ಪಂಪಣ್ಣ ನಾಲಿಗೆ ಕಚ್ಚಿಕೊಂಡ. "ತಪ್ಪಾತ್ರಿ ಅವ್ವಾರ, ಕೈಗೆ ಬುದ್ಧಿ ಇಲ್ರಿ." ನನ್ನ ಕಡೆ ತಿರುಗಿ, "ಅಕ್ಕಾರ, ಮುಖಕ್ಕ ಹಚ್ಕೊಳ್ಳೋ ಪೌಡರ್ ಇದ್ರ ಕೊಡ್ರಿ" ಎಂದ.

ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ನನ್ನ ಪೌಡರು! ಅರ್ಧ ಡಬ್ಬಿಯನ್ನು ಕಮೋಡಿನ ಬುಡಕ್ಕೂ ಹಿಂದಿನ ಪೈಪಿಗೂ ಸುರಿದುಬಿಟ್ಟ ಪುಣ್ಯಾತ್ಮ. ಸಂಡಾಸಿಗೆ ನನಗಿಂತ ಚೆಂದದ ಅಲಂಕಾರವಾಯಿತು. ಆಮೇಲೆ ಪಂಪು ಹಾಕಿಸಿ, ಬ್ಯಾಟರಿ ಬೆಳಕು ಬಿಟ್ಟುಕೊಂಡು ನೋಡುತ್ತ ಕೂತ. ಬುಡದ ಸುತ್ತ ಹಾಕಿದ ಪೌಡರು ಹಾಕಿದ ಹಾಗೇ ಇತ್ತು. ಮೇಲೆ, ಪೆಡಲಿನ ಕಡ್ಡಿ ವಾಲ್ವಿನೊಳಗೆ ಹೋಗುವಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಮೂಡಿ ಕೆಳಗಿಳಿಯಿತು. ಪಂಪು ನಿಲ್ಲಿಸಿದರೆ ಅದೂ ನಿಂತಿತು, ಹಾಕಿದರೆ ಮತ್ತೆ ಇಳಿಯಿತು.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಾರ್ರಿ. ಪಾಪ, ಕೆಳಗಿನ ಬೋಲ್ಟು ಏನೂ ತಪ್ಪು ಮಾಡಿಲ್ಲ."

ವಾಲ್ವು ಬಿಚ್ಚಿದ. ಕಡ್ಡಿಯ ಸುತ್ತಲಿನ ರಬ್ಬರ್ ಉಂಗುರ ಇಲಿ ತಿಂದಂತೆ ಸವೆದಿತ್ತು, ಅದಕ್ಕೆ ಕೆಂಪು ಅದಿರಿನ ಪುಡಿ ಅಂಟಿತ್ತು. ಲಾರಿಗಳ ನಡುವೆ ನಿಲ್ಲಿಸಿದ ಬಸ್ಸಿನ ನೀರಿನ ಟಾಕಿಯ ಮುಚ್ಚಳವನ್ನು ಮೂರು ತಿಂಗಳಿಂದ ಯಾರೂ ಹಾಕಿರಲಿಲ್ಲ. ಪಂಪಣ್ಣ ಆ ಉಂಗುರವನ್ನು ನಮ್ಮವರ ಅಂಗೈಗೆ ಹಾಕಿ, "ನೋಡ್ರಿ ಸಾವಕಾರ್ರ, ನಿಮ್ಮ ಸಂಡೂರು ಗುಡ್ಡ ಇಲ್ಲೀತನಾ ಬಂದೈತಿ" ಎಂದ. ನಮ್ಮವರ ಮುಖ ನೋಡಬೇಕಿತ್ತು! ಲಾರಿಯ ಹಳೇ ಟ್ಯೂಬಿನಲ್ಲಿ ಹೊಸ ಉಂಗುರ ಕತ್ತರಿಸಿ ಹಾಕಿದ, ಟಾಕಿಯನ್ನು ಮೂರು ಸಲ ತೊಳೆಸಿದ. ಸೋರುವುದು ನಿಂತಿತು.

ಅತ್ತೆ ಮಾತ್ರ ಬಸ್ಸು ಹತ್ತಲಿಲ್ಲ. "ನೋಡೋಣ" ಎಂದರು. ಪಂಪಣ್ಣ ಒಂದು ಸಲ ಅವರ ಮುಖ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಪೆಡಲ್ ಒತ್ತಿದ. ಹಲಗೆಯ ಕೆಳಗಿದ್ದ ಪಂಪು ಗರ್‌ರ್‌ರ್ ಎಂದು ಬಸ್ಸನ್ನೇ ನಡುಗಿಸಿತು. ಒಳಗೆ ಹೋದವರು ಏನು ಮಾಡಿದರೆಂದು ಇಡೀ ಊರಿಗೆ ಡಂಗುರ. ಅತ್ತೆಯ ಅಳುಕು ಇದಕ್ಕೇ ಎಂದು ಇಷ್ಟು ದಿನ ನನಗೆ ಹೊಳೆದಿರಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಹೊರಗೆ ಬಂದವನು ಅದರ ಸುದ್ದಿಯನ್ನೇ ಎತ್ತಲಿಲ್ಲ. "ಅವ್ವಾರ, ಹಳೇ ಕೌದಿ ಇದ್ರ ಒಂದು ಕೊಡ್ರಿ."

"ಯಾಕೋ?"

"ಮೋಟರಿಗೆ ಭಾಳ ಥಂಡಿ ಆಗೈತ್ರಿ."

ಪಂಪನ್ನು ಬಿಚ್ಚಿ, ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಡಿಗಿಟ್ಟು ಮತ್ತೆ ಕೂರಿಸಿದ. ಗರ್‌ರ್ ಅನ್ನುತ್ತಿದ್ದುದು ಗುಂಯ್ ಎನ್ನುವಷ್ಟಕ್ಕೆ ಇಳಿಯಿತು. "ನಿಂತ ಗಾಡಿ ಮಾತು ನಂಬಬ್ಯಾಡ್ರಿ. ಕಂಪ್ಲಿತನಾ ಹೋಗಿ ಬರೋಣ ನಡೀರಿ" ಎಂದು ಅತ್ತೆಯನ್ನೂ ಹತ್ತಿಸಿ, ತಾನು ಡ್ರೈವರಿನ ಪಕ್ಕ ಕೂತು, ಬೇಕೆಂತಲೇ ದೊಡ್ಡ ದನಿಯಲ್ಲಿ ಲಾರಿಗಳ ಪುರಾಣ ತೆಗೆದ.

ಅರ್ಧ ದಾರಿಯಲ್ಲಿ ಅತ್ತೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಮಗೆ ಏನೂ ಕೇಳಿಸಲಿಲ್ಲ. ಹೊರಗೆ ಬಂದು, ಕೈ ಒರೆಸಿಕೊಂಡು, ನೆಲವನ್ನೊಮ್ಮೆ ನೋಡಿ ಒಣಗಿದೆ ಎಂದು ಖಾತ್ರಿಯಾದ ಮೇಲೆ ಕೂತರು.

"ಕಂಪ್ಲಿ ಯಾಕ? ಹಿಂಗ ಸೊಲ್ಲಾಪುರಕ್ಕ ತಿರುಗಿಸ್ರಿ!"

"ನನ್ನನ್ನರ ಇಳಿಸಿ ಹೋಗ್ರೀ ಅವ್ವಾರ!" ಎಂದು ಪಂಪಣ್ಣ ಮುಂದಿನಿಂದ ಕೂಗಿದ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಮಾರನೇ ದಿನ ಬೆಳಿಗ್ಗೆ ಹೊರಟೆವು. ಅಕ್ಕತಂಗಿ ಹನ್ನೊಂದು ದಿನ ಒಂದೇ ಕೋಣೆಯಲ್ಲಿ ಮಲಗಿ, ಜಗಳಾಡಿ, ಒಂದೇ ತಟ್ಟೆಯಲ್ಲಿ ಉಂಡರು. ನಾವು ಹಿಂದಿರುಗಿ ತಿಂಗಳಾಗುವಷ್ಟರಲ್ಲಿ ಗೌರವ್ವ ತೀರಿಕೊಂಡರು. ಅತ್ತೆ ಅತ್ತರು, ಆದರೆ ಕೊರಗಲಿಲ್ಲ.

ಪಂಪಣ್ಣ ತೀರಿಹೋದದ್ದು ಅದಾಗಿ ಎರಡು ವರ್ಷಕ್ಕೆ. ಅವನ ಊರು ಎಮ್ಮಿಗನೂರಿನಿಂದ ಬೆಳಿಗ್ಗೆ ಸುದ್ದಿ ಬಂತು. ನಮ್ಮವರು ಕಾರಿನ ಕೀಲಿ ತೆಗೆದುಕೊಂಡರೆ ಅತ್ತೆ, "ಬಸ್ ತಗೀರಿ, ನಾನೂ ಬರ್ತೀನಿ" ಎಂದರು. ಯಾರ ಮಣ್ಣಿಗೂ ಹೋಗದೆ ಎಷ್ಟು ವರ್ಷವಾಗಿತ್ತೋ ಅವರು.

ಬಸ್ಸು ಓಣಿಯೊಳಗೆ ಹಿಡಿಸಲಿಲ್ಲ. ಭತ್ತದ ಗದ್ದೆಯ ಪಕ್ಕ ಇಳಿದು, ನನ್ನ ತೋಳು ಹಿಡಿದು, ನಡುನಡುವೆ ನಿಂತು ಅತ್ತೆ ನಡೆದರು. ಅವನ ಹೆಂಡತಿ ಇವರ ಗುರುತು ಸಿಗದೆ ಕಣ್ಣೊರೆಸಿಕೊಂಡು ನೋಡಿದಳು. ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡರು.

"ನಾ ಯಾರಂತ ನಿನಗ ಗೊತ್ತಿಲ್ಲವ್ವ. ನಿನ್ನ ಗಂಡ ನನಗ ನನ್ನ ತಂಗಿ ಮುಖ ತೋರ್ಸಿದ."